ಮಿಷನ್ ಕೊಳ್ಳುವ ಮೊದಲು ನಿಮ್ಮ ನಲ್ಲಿ ನೀರನ್ನು ತಿಳಿದುಕೊಳ್ಳಿ

ನಮ್ಮ ಗೀಸರ್ ಬಿಚ್ಚಿದ ದಿನ ಒಳಗಿನ ಕಾಯಿಲ್ ಕಾಣಿಸುತ್ತಲೇ ಇರಲಿಲ್ಲ. ಸುತ್ತಲೂ ಬೆರಳು ದಪ್ಪದ ಬಿಳಿ ಪದರ. ಉಗುರಿನಿಂದ ಕೆರೆದರೆ ಸೀಮೆಸುಣ್ಣದ ಹಾಗೆ ಪುಡಿ ಉದುರಿತು. ರಿಪೇರಿಗೆ ಬಂದವರು "ಈ ನೀರು ಕುಡಿಯೋದಕ್ಕೇ ಆಗಲ್ಲ" ಅಂದರು. ಅಮ್ಮನಿಗೆ ಗಾಬರಿ. ಅದೇ ವಾರ ನೀರು ಶುದ್ಧ ಮಾಡುವ ಮಿಷನ್ ಮಾರುವವನೊಬ್ಬ ಬಾಗಿಲಿಗೆ ಬಂದ. ಎರಡು ಲೋಟ ನೀರಿಗೆ ಕರೆಂಟಿನ ಸರಳು ಇಳಿಬಿಟ್ಟ. ನಮ್ಮ ನಲ್ಲಿ ನೀರಿನ ಲೋಟದಲ್ಲಿ ಕಂದು ಕೆಸರು ಎದ್ದಿತು. ಅವನ ಮಿಷನ್ ನೀರು ತಿಳಿಯಾಗೇ ಉಳಿಯಿತು. ಆ ದಿನವೇ ಅಡುಗೆಮನೆಗೆ ಆರ್‌ಒ, ಅಂದರೆ ಕುಡಿಯುವ ನೀರಿನ ಲವಣ ಸೋಸಿ ತೆಗೆಯುವ ಮಿಷನ್, ಬಂತು.

ಒಂದು ವರ್ಷ ಕಳೆಯಿತು. ಗೀಸರ್ ಮತ್ತೆ ಕೆಟ್ಟಿತು. ಆಗಬೇಕಾದ್ದೇ. ಆರ್‌ಒ ಇದ್ದದ್ದು ಅಡುಗೆಮನೆಯಲ್ಲಿ, ಗೀಸರ್ ಇದ್ದದ್ದು ಬಚ್ಚಲಲ್ಲಿ. ನಾವು ಪರಿಹಾರವನ್ನು ಮೊದಲು ಕೊಂಡೆವು, ತೊಂದರೆ ಏನು ಅಂತ ಆಮೇಲೆ ಹುಡುಕಿದೆವು. ನೀವು ಹಾಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ಕಂದು ಕೆಸರು ಎಲ್ಲಿಂದ ಬಂತು ಗೊತ್ತಾ? ಸರಳಿನಿಂದಲೇ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಆಗ ಕಬ್ಬಿಣದ ಸರಳು ಕರಗಿ ತುಕ್ಕಿನ ಕೆಸರಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಅದಕ್ಕೇ ಅಲ್ಲಿ ಏನೂ ಆಗುವುದಿಲ್ಲ. ಒಳ್ಳೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ ಮಾಡಿದರೂ ಅದೇ ಕೆಸರು ಬರುತ್ತದೆ. ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಹೇಳುವ ಟಿಡಿಎಸ್ ಮೀಟರ್ ಕೂಡ ಕರೆಂಟ್ ಎಷ್ಟು ಹರಿಯುತ್ತದೆ ಅಂತ ಅಳೆದೇ ಒಂದು ಅಂಕಿ ತೋರಿಸುತ್ತದೆ. ಕರಗಿರುವುದು ಸುಣ್ಣದ ಅಂಶವೋ, ಉಪ್ಪೋ, ಅದಕ್ಕೆ ಗೊತ್ತಾಗುವುದಿಲ್ಲ. ರೋಗಾಣು ಅಂತೂ ಅದಕ್ಕೆ ಕಾಣುವುದೇ ಇಲ್ಲ.

ಗಡಸುತನ ಬೇರೆ, ನೀರು ಕೆಟ್ಟಿರುವುದು ಬೇರೆ. ಇದೊಂದು ಸರಿಯಾಗಿ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರು ಗಡಸು ನೀರು. ಇವೆರಡೂ ದೇಹಕ್ಕೆ ಬೇಕಾದವೇ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ಕಾಟ ಕೊಡುವುದು ಗೀಸರ್‌ಗೆ, ಪೈಪಿಗೆ, ಸೋಪಿಗೆ, ಕೂದಲಿಗೆ. ಇನ್ನೊಂದು ಕಡೆ, ಸೋಪು ಹಾಕಿದ ತಕ್ಷಣ ನೊರೆ ಬರುವ ಮೆದು ನೀರಿನಲ್ಲೂ ರೋಗಾಣು ಇರಬಹುದು.

ಮನೆಯಲ್ಲೇ ಮಾಡುವ ಪರೀಕ್ಷೆಯಿಂದ ಶುರು ಮಾಡಿ. ಮುಚ್ಚಳ ಇರುವ, ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್, ಎರಡೂ ಮೂರನೇ ಒಂದು ಭಾಗದಷ್ಟು. ಸಾಧಾರಣ ಸೋಪಿನ ಬಿಲ್ಲೆಯನ್ನು ತುರಿದು, ಸ್ವಲ್ಪ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿಡಿ. ಪಾತ್ರೆ ತೊಳೆಯುವ ದ್ರವ ಬೇಡ. ಅದು ಗಡಸು ನೀರಿನಲ್ಲೂ ನೊರೆ ಬರುವಂತೆ ಮಾಡಿದ್ದು. ಈಗ ಸೋಪಿನ ನೀರನ್ನು ಹನಿ ಹನಿಯಾಗಿ ಬಿಡಿ, ಪ್ರತಿ ಸಲ ಚೆನ್ನಾಗಿ ಕುಲುಕಿ, ಹನಿ ಎಣಿಸಿ. ನೊರೆ ಒಂದು ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಿ. ಡಿಸ್ಟಿಲ್ಡ್ ವಾಟರಿಗೆ ಕೆಲವೇ ಹನಿ ಸಾಕು. ನಮ್ಮ ನಲ್ಲಿ ನೀರು ಎಷ್ಟು ಹನಿ ಹಾಕಿದರೂ ನೊರೆ ಕೊಡದೆ ಹಾಲಿನಂತೆ ಬೆಳ್ಳಗಾಯಿತು. ಮೇಲೆ ಮೊಸರು ಒಡೆದ ಹಾಗೆ ಚೂರು ತೇಲಿದವು. ಬಕೆಟ್ಟಿನ ಅಂಚಿಗೆ ಅಂಟುವ ಜಿಗುಟು ಇದೇ.

ಇದರ ಜೊತೆ ಇನ್ನೊಂದು ಹೆಜ್ಜೆ ಮಾಡಿ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಅದೇ ನಲ್ಲಿ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಹನಿ ಎಣಿಸಿ. ಎಣಿಕೆ ಚೆನ್ನಾಗಿ ಇಳಿದರೆ ನಿಮ್ಮದು ತಾತ್ಕಾಲಿಕ ಗಡಸುತನ. ಅಂದರೆ ಬೈಕಾರ್ಬೊನೇಟ್ ಬಿಸಿಗೆ ಒಡೆದು ಸುಣ್ಣದ ಅಂಶವಾಗಿ ಕೂರುತ್ತದೆ. ಗೀಸರ್ ಕಟ್ಟಿಕೊಳ್ಳುವುದು ಮುಖ್ಯವಾಗಿ ಇದರಿಂದಲೇ. ಎಣಿಕೆ ಅಷ್ಟೇನೂ ಇಳಿಯದಿದ್ದರೆ ಸಲ್ಫೇಟ್, ಕ್ಲೋರೈಡ್‌ನಿಂದ ಬಂದ ಶಾಶ್ವತ ಗಡಸುತನ. ಅದು ಕುದಿಸಿದರೆ ಹೋಗುವುದಿಲ್ಲ.

ಅಂಕಿಯೇ ಬೇಕು ಅಂದರೆ ಹನಿ ಕಿಟ್ ಸಿಗುತ್ತದೆ. ಅಳೆದ ನೀರಿಗೆ ಸೂಚಕ ಹಾಕಿದರೆ ಕೆಂಪಾಗುತ್ತದೆ. ಆಮೇಲೆ ಇಡಿಟಿಎ ಅನ್ನುವ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ರಾಸಾಯನಿಕದ ದ್ರಾವಣವನ್ನು ಎಣಿಸುತ್ತಾ ಹನಿ ಹನಿಯಾಗಿ ಬಿಡಬೇಕು. ನಾನು ಮೊದಲ ಸಲ ನೇರಳೆ ಬಣ್ಣ ಕಂಡ ಕೂಡಲೇ ನಿಲ್ಲಿಸಿದ್ದೆ, ಲೆಕ್ಕ ತಪ್ಪಿತು. ಕೆಂಪಿನ ಛಾಯೆ ಪೂರ್ತಿ ಹೋಗಿ ಅಚ್ಚ ನೀಲಿ ಬರಬೇಕು. ಹಿಂದೆ ಬಿಳಿ ಕಾಗದ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುತ್ತಾರೆ: ಲೀಟರಿಗೆ 60 ಮಿಲಿಗ್ರಾಂ ಒಳಗಿದ್ದರೆ ಮೆದು, 120ರವರೆಗೆ ಮಧ್ಯಮ, 180ರವರೆಗೆ ಗಡಸು, ಅದಕ್ಕೂ ಮೇಲೆ ತುಂಬಾ ಗಡಸು. ಕೆಲವು ಮಿಷನ್ನುಗಳ ಪುಸ್ತಕದಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿ ಅನ್ನುವ ಅಳತೆಯಲ್ಲಿ ಕೊಟ್ಟಿರುತ್ತಾರೆ. ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ.

ಒಂದೇ ಸಲ ಅಳೆದು ಸುಮ್ನೆ ಆಗಬೇಡಿ. ಸಣ್ಣ ಊರುಗಳಲ್ಲಿ ಕೆಲವು ತಿಂಗಳು ಹೊಳೆ ನೀರು, ಕೆಲವು ತಿಂಗಳು ಬೋರ್ ನೀರು, ಕೆಲವೊಮ್ಮೆ ಎರಡೂ ಬೆರೆಸಿ ಬಿಡುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ನೋಡಿ. ಬೀದಿಯ ಪೈಪಿನಿಂದ ನೇರ ಬರುವ ನಲ್ಲಿಯ ನೀರನ್ನೂ ಟ್ಯಾಂಕಿನಿಂದ ಇಳಿಯುವ ನೀರನ್ನೂ ಬೇರೆ ಬೇರೆ ಹಿಡಿಯಿರಿ.

ಕಣ್ಣು ಮೂಗು ಕೂಡ ಬಹಳ ಹೇಳುತ್ತವೆ. ಲೋಟದ ನೀರು ಬೆಳ್ಳಗಿದ್ದು ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿಯ ಗುಳ್ಳೆ, ಭಯವಿಲ್ಲ. ಬಕೆಟ್ಟಿಗೆ ತಿಳಿಯಾಗಿ ಬಂದ ನೀರು ನಿಂತಲ್ಲೇ ಕೆಂಪಾದರೆ ಕಬ್ಬಿಣ. ಕೊಳೆತ ಮೊಟ್ಟೆಯ ವಾಸನೆ ಬಿಸಿನೀರಿನಲ್ಲಿ ಮಾತ್ರ ಬಂದರೆ ಗೀಸರ್ ಕಡೆ ನೋಡಿ, ತಣ್ಣೀರಿನಲ್ಲೂ ಬಂದರೆ ನೀರಿನ ಮೂಲದ ಕಡೆ ನೋಡಿ.

ಆದರೆ ಅಪಾಯದ ವಸ್ತುಗಳಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಅದಕ್ಕೆ ಲ್ಯಾಬ್ ಬೇಕೇ ಬೇಕು. ಇ. ಕೋಲಿ (ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ), ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಇಷ್ಟನ್ನು ಹೆಸರು ಹೇಳಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು. ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5, ಆರ್ಸೆನಿಕ್ 0.01 ದಾಟಬಾರದು. ರೋಗಾಣು ಪರೀಕ್ಷೆಗೆ ಲ್ಯಾಬ್‌ನವರು ಕೊಟ್ಟ ಬಾಟಲಿಯಲ್ಲೇ ನೀರು ಹಿಡಿಯಿರಿ, ಅದನ್ನು ತೊಳೆಯಬೇಡಿ. ಕ್ಲೋರಿನ್ ಅಂಶ ಹೋಗಲಿ ಅಂತ ಒಳಗೆ ಪುಡಿ ಹಾಕಿರುತ್ತಾರೆ. ನಲ್ಲಿ ಬಾಯಿಯ ಜಾಲರಿ ಬಿಚ್ಚಿ, ಸ್ಪಿರಿಟ್‌ನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಲು ಬಿಟ್ಟು ಹಿಡಿಯಿರಿ. ಮುಚ್ಚಳದ ಒಳಭಾಗ ಮುಟ್ಟಬೇಡಿ. ತಣ್ಣಗಿಟ್ಟು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಲುಪಿಸಿ.

ರಿಪೋರ್ಟ್ ಕೈಗೆ ಬಂದ ಮೇಲೆ ಖರ್ಚಿನ ಯೋಚನೆ. ಬರೀ ಗಡಸುತನ ಅಂದರೆ ನನ್ನ ಪ್ರಕಾರ ಎಲ್ಲರಿಗೂ ಮಿಷನ್ ಬೇಕಿಲ್ಲ. ಗೀಸರ್ ಬಿಸಿಯನ್ನು 60 ಡಿಗ್ರಿಗಿಂತ ಮೇಲೆ ಇಡಬೇಡಿ, ಬಿಸಿ ಏರಿದಷ್ಟೂ ಪದರ ಬೇಗ ಕಟ್ಟುತ್ತದೆ. ಕೆಟಲ್‌ನಲ್ಲಿ ಒಂದು ಲೀಟರ್ ನೀರಿಗೆ ಎರಡು ಚಮಚ ಸಿಟ್ರಿಕ್ ಆ್ಯಸಿಡ್ ಪುಡಿ ಹಾಕಿ ಅರ್ಧ ಗಂಟೆ ಬಿಟ್ಟರೆ ಬಿಳಿ ಪದರ ನೊರೆಯಾಗಿ ಬಿಡುತ್ತದೆ. ಬ್ಲೀಚ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಿದರೆ ಕುಡಿಯುವ ನಲ್ಲಿಯನ್ನು ಹೊರಗಿಡಿ. ಅದು 100 ಮಿಲಿಗ್ರಾಂ ಗಡಸುತನ ತೆಗೆದರೆ ಆ ಜಾಗಕ್ಕೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರಿಸುತ್ತದೆ. ಬಿಪಿ ಇರುವವರಿಗೆ ಇದು ಗೊತ್ತಿರಬೇಕು, ಅಲ್ವಾ?

ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಜಾಸ್ತಿ ಬಂದರೆ ಆರ್‌ಒ ಹಾಕಿಸುವುದಕ್ಕೆ ಅರ್ಥವಿದೆ. ಅಂಥ ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗಿ ಅವು ಇನ್ನಷ್ಟು ಸಾಂದ್ರವಾಗುತ್ತವೆ. ರೋಗಾಣು ಮಾತ್ರ ಇದ್ದರೆ ಒಂದು ನಿಮಿಷ ಚೆನ್ನಾಗಿ ಕುದಿಸಿದರೆ ಸಾಕು, 2000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

ನಮ್ಮ ರಿಪೋರ್ಟಿನಲ್ಲಿ ಗಡಸುತನ 310 ಬಂದಿತ್ತು. ಅದಕ್ಕೆ ನಾನು ತಯಾರಾಗಿದ್ದೆ. ಆದರೆ ಟ್ಯಾಂಕಿನ ನೀರಿನಲ್ಲಿ ಇ. ಕೋಲಿ ಇತ್ತು, ಬೀದಿಯ ಪೈಪಿನ ನೀರಿನಲ್ಲಿ ಇರಲಿಲ್ಲ. ಇಷ್ಟು ದಿನ ಅದೇ ನೀರಿನಲ್ಲಿ ಮಕ್ಕಳು ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದರು. ಮಹಡಿ ಹತ್ತಿ ನೋಡಿದರೆ ಟ್ಯಾಂಕಿನ ಮುಚ್ಚಳದ ಒಂದು ಅಂಚು ಒಡೆದು ಅಂಗೈ ಅಗಲದ ಸಂದಿಯಾಗಿತ್ತು. ಪಕ್ಕದಲ್ಲೇ ಹಕ್ಕಿ ಹಿಕ್ಕೆ. ಟ್ಯಾಂಕ್ ಖಾಲಿ ಮಾಡಿ, ಉಜ್ಜಿ, ಕ್ಲೋರಿನ್ ಹಾಕಿ ತೊಳೆದು, ಹೊಸ ಮುಚ್ಚಳ ಕೂರಿಸಿದೆವು. ವಾರ ಬಿಟ್ಟು ಅದೇ ನಲ್ಲಿಯಿಂದ ಮತ್ತೆ ನೀರು ಹಿಡಿದು ಕೊಟ್ಟೆ. ಆ ಸಲ ಇ. ಕೋಲಿ ಕಾಣಲಿಲ್ಲ.