ಹಳೆಯ ಸ್ಪ್ರಿಂಕ್ಲರ್‌ಗೆ ಹೊಸ ಕಂಟ್ರೋಲರ್: ಮನೆಯ ಹುಲ್ಲುಹಾಸಿಗೆ ಫೋನಿನಿಂದ ನೀರು ಬಿಡುವ ಕ್ರಮ

ಹುಲ್ಲುಹಾಸಿನ ಅಡಿಯಲ್ಲಿ ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಹೂತ ಪೈಪುಗಳೂ ನೆಲದಿಂದ ತಲೆಯೆತ್ತಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳೂ ಇನ್ನೂ ಗಟ್ಟಿಯಾಗಿದ್ದರೆ, ಅವನ್ನು ಫೋನಿನಿಂದ ನಡೆಸುವುದಕ್ಕಾಗಿ ಅಂಗಳ ಅಗೆಯಬೇಕಾಗಿಲ್ಲ. ಬಹುಪಾಲು ಮನೆಗಳಲ್ಲಿ ಬದಲಾಗಬೇಕಾದುದು ಯಾವಾಗ ಎಲ್ಲಿ ನೀರು ಬಿಡಬೇಕೆಂದು ನಿರ್ಧರಿಸುವ, ಗೋಡೆಗೆ ಹೊಡೆದ ಪೆಟ್ಟಿಗೆ, ಅಂದರೆ ಕಂಟ್ರೋಲರ್ ಮಾತ್ರ. ಮೈಸೂರಿನ ನಮ್ಮ ಮನೆಯಲ್ಲಿದ್ದುದು ಸುಮಾರು 1,200 ಚದರಡಿ ಹುಲ್ಲುಹಾಸು, ಮೂರು ವಲಯಗಳ (ಬೇರೆ ಬೇರೆಯಾಗಿ ನೀರು ಬಿಡುವ ಮೂರು ಭಾಗಗಳ) ಪೈಪು, ಸಂಪಿನಿಂದ ನೀರೆತ್ತುವ 1 ಎಚ್‌ಪಿ ಮೋಟರು ಮತ್ತು ಮುಳ್ಳು ತಿರುಗುವ ಒಂದು ಹಳೆಯ ಟೈಮರ್. ಆ ಟೈಮರಿನ ಗಡಿಯಾರ ನಡೆಯುತ್ತಿದ್ದುದೇ ಕರೆಂಟಿನಿಂದಾದ್ದರಿಂದ ಕರೆಂಟು ಹೋದಷ್ಟು ಹೊತ್ತು ಅದೂ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಒಂದು ವಾರ ವಿದ್ಯುತ್ ಕೈಕೊಟ್ಟ ಮೇಲೆ ನೋಡಿದರೆ ಬೆಳಗಿನ ಆರು ಗಂಟೆಗೆ ಬೀಳಬೇಕಾದ ನೀರು ಹನ್ನೊಂದೂವರೆಯ ಬಿಸಿಲಿನಲ್ಲಿ ಬೀಳುತ್ತಿತ್ತು.

ಹೊಸದನ್ನು ಕೂರಿಸುವ ದಿನ ನಮ್ಮ ಮಾಲಿ ಕೇಳಿದ ಪ್ರಶ್ನೆ ಇದು: “ಸಾರ್, ಫೋನು ನಿಮ್ಮ ಹತ್ರ ಇರುತ್ತೆ ಸರಿ, ಪೈಪು ಒಡೆದ್ರೆ ನಿಲ್ಸೋರು ಯಾರು?” ಈ ಕೆಲಸದ ಮುಖ್ಯ ಸಮಸ್ಯೆಯೇ ಅದು. ಎದುರಿಗೆ ನಿಂತು ನೀರು ಬಿಡುವವನ ಕಣ್ಣಿಗೆ ಬೀಳುವ ತಪ್ಪು ಬೇರೆ ಊರಿನಲ್ಲಿ ಕುಳಿತು ಫೋನು ಒತ್ತುವವನಿಗೆ ಕಾಣುವುದಿಲ್ಲ. ಆದ್ದರಿಂದ ದೂರದಿಂದ ನೀರು ಬಿಡುವ ಏರ್ಪಾಡಿಗೆ ಮೊದಲೇ, ನೀರು ತಾನಾಗಿ ನಿಲ್ಲುವ ಏರ್ಪಾಡು ಆಗಿರಬೇಕು.

ಮೊದಲು ಹಳೆಯದನ್ನು ಪರೀಕ್ಷಿಸಿ

ಹುಲ್ಲುಹಾಸಿನ ಅಂಚಿನಲ್ಲಿ ಎಲ್ಲೋ ಮುಚ್ಚಳವಿರುವ ವಾಲ್ವ್ ಪೆಟ್ಟಿಗೆ ಇರುತ್ತದೆ. ಅದರೊಳಗೆ ಕೈಯಿಂದ ತಿರುಗಿಸುವ ಗೇಟ್ ವಾಲ್ವ್‌ಗಳಷ್ಟೇ ಇದ್ದರೆ, ಪ್ರತಿ ವಲಯಕ್ಕೂ ಕರೆಂಟಿನಿಂದ ತೆರೆದು ಮುಚ್ಚುವ ಒಂದೊಂದು ಸೊಲೆನಾಯ್ಡ್ ವಾಲ್ವ್ ಹಾಕಿಸಿ ಅಲ್ಲಿಂದ ಗೋಡೆಯವರೆಗೆ ತಂತಿ ಎಳೆಸಬೇಕಾಗುತ್ತದೆ. ಇದು ಪ್ಲಂಬರನ ಒಂದೆರಡು ದಿನದ ಕೆಲಸ. ವಾಲ್ವಿನ ನೆತ್ತಿಯ ಮೇಲೆ ಹೆಬ್ಬೆರಳು ಗಾತ್ರದ ಕಪ್ಪು ಉರುಳೆಯಿದ್ದು ಅದರಿಂದ ಎರಡು ತಂತಿ ಹೊರಟಿದ್ದರೆ ಅರ್ಧ ಕೆಲಸ ಆಗಿಯೇ ಇದೆ ಎಂದುಕೊಳ್ಳಿ. ಮನೆತೋಟದ ಸೊಲೆನಾಯ್ಡ್ ವಾಲ್ವ್‌ಗಳಲ್ಲಿ ಹೆಚ್ಚಿನವು 24 ವೋಲ್ಟ್ ಎ.ಸಿ. ವಿದ್ಯುತ್ತಿನಲ್ಲಿ ನಡೆಯುತ್ತವೆ, ಹೀಗಾಗಿ ಒಂದು ಕಂಪನಿಯ ವಾಲ್ವಿಗೆ ಇನ್ನೊಂದು ಕಂಪನಿಯ ಕಂಟ್ರೋಲರ್ ಹೊಂದುತ್ತದೆ. ಬ್ಯಾಟರಿಯಿಂದ ನಡೆಯುವ ಲ್ಯಾಚಿಂಗ್ ಬಗೆಯವು ಮಾತ್ರ ಇದಕ್ಕೆ ಅಪವಾದ.

ಕಂಟ್ರೋಲರ್ ಕೊಳ್ಳುವ ಮೊದಲು ಮೋಟರನ್ನು ಚಾಲೂ ಮಾಡಿ, ಒಂದೊಂದೇ ವಾಲ್ವಿನ ಉರುಳೆಯನ್ನು ಎಡಕ್ಕೆ ಕಾಲು ಸುತ್ತು ಸಡಿಲಿಸಿ ನೋಡಿ. ನೀರು ಬರಬೇಕು, ಮತ್ತೆ ಬಿಗಿ ಮಾಡಿದರೆ ಕೆಲವು ಸೆಕೆಂಡುಗಳಲ್ಲಿ ನಿಲ್ಲಬೇಕು. ನಮ್ಮಲ್ಲಿ ಎರಡನೆಯ ವಲಯ ತೆರೆಯಿತು, ಮುಚ್ಚಲಿಲ್ಲ. ಮೋಟರು ನಿಲ್ಲಿಸಿ, ವಾಲ್ವಿನ ಮೇಲಿನ ಸ್ಕ್ರೂಗಳನ್ನು ಬಿಚ್ಚಿ, ಸ್ಪ್ರಿಂಗು ಹಾರಿಹೋಗದಂತೆ ಅಂಗೈ ಅಡ್ಡ ಹಿಡಿದು ಮುಚ್ಚಳ ತೆಗೆದರೆ ಒಳಗೆ ತಟ್ಟೆಯಂಥ ರಬ್ಬರಿನ ಪೊರೆ ಕಾಣುತ್ತದೆ. ಆ ಪೊರೆಯಲ್ಲಿ ಸೂಜಿ ತೂರುವಷ್ಟೇ ದೊಡ್ಡದಾದ ರಂಧ್ರವಿದೆ. ಅದರ ಮೂಲಕ ಮೇಲಿನ ಕೋಣೆಗೆ ತುಂಬಿಕೊಳ್ಳುವ ನೀರೇ ಪೊರೆಯನ್ನು ಕೆಳಕ್ಕೆ ಒತ್ತಿ ದಾರಿ ಮುಚ್ಚುತ್ತದೆ. ಉರುಳೆಯೊಳಗಿನ ತಂತಿಯ ಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟು ಬಂದಾಗ ಅದರೊಳಗಿನ ಕಡ್ಡಿ ಮೇಲೆದ್ದು ಆ ನೀರು ಹೊರಗೆ ಹರಿಯುತ್ತದೆ, ಪೊರೆ ಏಳುತ್ತದೆ, ಹುಲ್ಲಿಗೆ ನೀರು ಹೋಗುತ್ತದೆ. ನಮ್ಮ ವಾಲ್ವಿನ ರಂಧ್ರದಲ್ಲಿ ಸಾಸಿವೆಗಿಂತ ಸಣ್ಣದೊಂದು ಮರಳಿನ ಕಣ ಸಿಕ್ಕಿಕೊಂಡಿತ್ತು. ಮೇಲಿನ ಕೋಣೆ ತುಂಬದೆ ಹೋದದ್ದರಿಂದ ವಾಲ್ವು ಮುಚ್ಚುತ್ತಿರಲಿಲ್ಲ. ಕಣ ತೆಗೆದು ತೊಳೆದು ಹಾಕಿದ ಮೇಲೆ ಅದು ಸರಿಯಾಯಿತು, ಆದರೆ ಮೋಟರಿಗೂ ವಾಲ್ವ್‌ಗಳಿಗೂ ನಡುವೆ ಫಿಲ್ಟರ್ ಹಾಕಿಸದಿದ್ದರೆ ಇದು ಮರುಕಳಿಸುತ್ತದೆ. ಇಂಥ ವಾಲ್ವನ್ನು ಫೋನಿಗೆ ಜೋಡಿಸಿ ಊರಿಗೆ ಹೋದರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಮೋಟರಿಲ್ಲದೆ ಮೇಲಿನ ಟ್ಯಾಂಕಿನ ನೀರನ್ನೇ ಬಳಸುವ ಆಸೆಯಿದ್ದರೆ ಅದನ್ನು ಬಿಡುವುದು ಒಳ್ಳೆಯದು. ಹತ್ತು ಮೀಟರ್ ಎತ್ತರದ ನೀರು ಕೊಡುವುದು 1 ಬಾರ್ ಒತ್ತಡ; ಆರು ಮೀಟರ್ ಮೇಲಿರುವ ಟ್ಯಾಂಕು 0.6 ಬಾರ್ ಕೊಟ್ಟೀತು. ತುಂತುರು ತಲೆಗಳಿಗೆ ಬೇಕಾದದ್ದು ಸುಮಾರು 2 ಬಾರ್.

ವಾಲ್ವ್‌ಗಳು ಸರಿಯಿದ್ದರೆ ಮುಂದೆ ತಂತಿ. ಮೇನ್ ಆಫ್ ಮಾಡಿ, ಬೆಳಕಿನಲ್ಲಿ ಒಂದು ಫೋಟೋ ತೆಗೆದು, ಒಂದೊಂದು ತಂತಿಗೂ ಕಾಗದದ ಚೀಟಿ ಅಂಟಿಸಿ, ಆಮೇಲೆ ಹಳೆಯ ಪೆಟ್ಟಿಗೆಯಿಂದ ತಂತಿಗಳನ್ನು ಬಿಡಿಸಿ, ಎಲ್ಲ ವಾಲ್ವ್‌ಗಳಿಗೂ ಸೇರಿದ ಕಾಮನ್ ತಂತಿಗೂ ಪ್ರತಿ ವಲಯದ ತಂತಿಗೂ ನಡುವೆ ಮಲ್ಟಿಮೀಟರ್ ಹಿಡಿದು ಓಮ್ ಅಳೆಯಿರಿ. 20ರಿಂದ 60 ಓಮ್ ಒಳಗೆ ಬಂದರೆ ಕಾಯಿಲ್ ಚೆನ್ನಾಗಿದೆ. ಅದಕ್ಕಿಂತ ತೀರ ಕಡಿಮೆಯಾದರೆ ಕಾಯಿಲ್ ಸುಟ್ಟು ಶಾರ್ಟ್ ಆಗಿದೆ, ಏನೂ ತೋರಿಸದಿದ್ದರೆ ಎಲ್ಲೋ ತಂತಿ ಕಡಿದಿದೆ. ನಮ್ಮ ಮೂರನೆಯ ವಲಯ ಏನೂ ತೋರಿಸಲಿಲ್ಲ. ವಾಲ್ವ್ ಪೆಟ್ಟಿಗೆಯಲ್ಲಿ ಇರುವೆ ಗೂಡಿನ ಕೆಳಗೆ ಇನ್ಸುಲೇಷನ್ ಟೇಪು ಸುತ್ತಿದ್ದ ಜೋಡಣೆಯೊಂದು ಹಸಿರು ಪುಡಿಯಾಗಿ ಉದುರಿತು. ನೀರು ನಿಲ್ಲುವ ಜಾಗದಲ್ಲಿ ಟೇಪು ಎಂದಿಗೂ ಸಾಲದು, ಒಳಗೆ ಗ್ರೀಸ್ ತುಂಬಿದ ವಾಟರ್‌ಪ್ರೂಫ್ ಕನೆಕ್ಟರುಗಳನ್ನೇ ಬಳಸಬೇಕು.

ಯಾವ ಕಂಟ್ರೋಲರ್?

ವಲಯಗಳ ಸಂಖ್ಯೆಗಿಂತ ಒಂದೆರಡು ಹೆಚ್ಚು ಜಾಗವಿರುವ, ಮೋಟರಿಗೆ ಪ್ರತ್ಯೇಕ ಟರ್ಮಿನಲ್ (ತಂತಿ ಸಿಗಿಸುವ ಜಾಗ) ಇರುವ ವೈಫೈ ಕಂಟ್ರೋಲರ್ ಸಾಕು. ಇಂಥವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ. ಪೆಟ್ಟಿಗೆ ಕೂರಿಸಲಿರುವ ಮೋಟರು ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ನಿಂತು ಫೋನಿನಲ್ಲಿ ಒಂದು ವಿಡಿಯೋ ನೋಡಿ. ಅದು ತಡವರಿಸಿದರೆ ಮೊದಲು ವೈಫೈಯನ್ನು ದೂರ ಮುಟ್ಟಿಸುವ ರಿಪೀಟರಿಗೆ ಹಣ ತೆಗೆದಿಡಿ. ವೈಫೈ ಮುಟ್ಟದ ತೋಟದ ಮನೆಗಳಿಗೆ ಸಿಮ್ ಹಾಕುವ ಬಗೆಯವೂ ಇವೆ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡು, ರಾತ್ರಿ ಕರೆಂಟು ಬಂದಾಗ ಹಾಸಿಗೆಯಿಂದಲೇ ಮೋಟರು ಚಾಲೂ ಮಾಡುವ ನಮ್ಮ ರೈತರಿಗೆ ಇದು ಹೊಸದೇನಲ್ಲ.

ನನ್ನ ಒತ್ತಾಯ ಎರಡು ಗುಣಗಳ ಮೇಲೆ. ಪೆಟ್ಟಿಗೆಯ ಮುಖದ ಮೇಲೆ ಕೈಯಿಂದ ಒತ್ತುವ ಗುಂಡಿಗಳಿರಬೇಕು, ಏಕೆಂದರೆ ಮಾಲಿಗೆ ನಿಮ್ಮ ಫೋನು ಕೊಟ್ಟುಹೋಗಲು ಆಗುವುದಿಲ್ಲ. ವೇಳಾಪಟ್ಟಿ ಪೆಟ್ಟಿಗೆಯೊಳಗೇ ಉಳಿಯುವಂತಿರಬೇಕು, ಏಕೆಂದರೆ ಇಂಟರ್ನೆಟ್ ಇಲ್ಲದ ದಿನವೂ, ತಯಾರಿಸಿದ ಕಂಪನಿ ತನ್ನ ಸರ್ವರ್ ಮುಚ್ಚಿದ ಮೇಲೂ ಹುಲ್ಲಿಗೆ ನೀರು ಬೇಕು. ಕೈಚಳಕವಿರುವವರು ಮುಕ್ತ ತಂತ್ರಾಂಶದ ಓಪನ್‌ಸ್ಪ್ರಿಂಕ್ಲರ್ ಹಾಕಿಕೊಳ್ಳಬಹುದು. ಅದು ಹೊರಗಿನ ಸರ್ವರ್ ನೆಚ್ಚಿಕೊಳ್ಳದೆ ಮನೆಯ ಜಾಲದೊಳಗೇ ಕೆಲಸ ಮಾಡುತ್ತದೆ.

ಅಮೆರಿಕದಲ್ಲಿರುವ ಮಗನೋ ಮಗಳೋ ಸೂಟ್‌ಕೇಸಿನಲ್ಲಿ ತಂದ ಕಂಟ್ರೋಲರ್ ಆದರೆ ಅದರ ಜೊತೆಗಿರುವ ಟ್ರಾನ್ಸ್‌ಫಾರ್ಮರಿನ ಚೀಟಿಯನ್ನು ಓದದೆ ಪ್ಲಗ್ಗಿಗೆ ಸಿಗಿಸಬೇಡಿ. ಅಲ್ಲಿಯ 120 ವೋಲ್ಟಿಗೆ ಮಾಡಿದ್ದನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಅದು ಸುಟ್ಟುಹೋಗುತ್ತದೆ. ಅದನ್ನು ಬದಿಗಿಟ್ಟು 230ರಿಂದ 24 ವೋಲ್ಟ್ ಎ.ಸಿ.ಗೆ ಇಳಿಸುವ 1 ಆಂಪಿಯರ್ ಟ್ರಾನ್ಸ್‌ಫಾರ್ಮರನ್ನು ಇಲ್ಲೇ ಕೊಳ್ಳಿ. ಅಂಗಡಿಯವರು ಎಲ್.ಇ.ಡಿ. ಪಟ್ಟಿಗೆ ಬಳಸುವ 24 ವೋಲ್ಟ್ ಡಿ.ಸಿ. ಅಡಾಪ್ಟರನ್ನು ಕೈಗಿತ್ತು “ಎರಡೂ ಒಂದೇ” ಎಂದರೆ ಒಪ್ಪಬೇಡಿ. 30 ಓಮಿನ ಕಾಯಿಲ್ ಎ.ಸಿ.ಯಲ್ಲಿ ಕಾಲು ಆಂಪಿಯರಿನ ಆಸುಪಾಸು ಎಳೆದರೆ, ಡಿ.ಸಿ.ಯಲ್ಲಿ 0.8 ಆಂಪಿಯರ್ ಎಳೆದು ಬಿಸಿಯಾಗಿ ಸುಡುತ್ತದೆ.

ಜೋಡಣೆ

ತಂತಿಗಳನ್ನು ಬಿಡಿಸುವ ಮೊದಲು ತೆಗೆದ ಫೋಟೋ ಮತ್ತು ಅಂಟಿಸಿದ ಚೀಟಿಗಳು ಈಗ ಕೆಲಸಕ್ಕೆ ಬರುತ್ತವೆ. ಕಾಮನ್ ತಂತಿ ಹೊಸ ಪೆಟ್ಟಿಗೆಯ ಕಾಮನ್ ಟರ್ಮಿನಲ್ಲಿಗೂ ವಲಯದ ತಂತಿಗಳು ಅಂಕೆಯ ಕ್ರಮದಲ್ಲಿಯೂ ಹೋಗುತ್ತವೆ; ಈ ಭಾಗ ಹತ್ತು ನಿಮಿಷದ್ದು. ಮಳೆ ಸೆನ್ಸರಿನ ಎರಡು ಟರ್ಮಿನಲ್‌ಗಳ ನಡುವೆ ಬರುವ ಚಿಕ್ಕ ತಂತಿಯನ್ನು, ಸೆನ್ಸರ್ ಹಾಕದಿದ್ದರೆ, ಕೀಳಬೇಡಿ. ಅದನ್ನು ಕಿತ್ತರೆ ಪೆಟ್ಟಿಗೆ ಮಳೆಯಿದೆಯೆಂದೇ ತಿಳಿದು ನೀರು ಬಿಡುವುದಿಲ್ಲ.

ಮೋಟರಿನ ವಿಷಯದಲ್ಲಿ ಮಾತ್ರ ನಿಧಾನಿಸಬೇಕು. 1 ಎಚ್‌ಪಿ ಎಂದರೆ 746 ವ್ಯಾಟ್, ಮೇಲಾಗಿ ಮೋಟರು ಏಳುವಾಗ ಅದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕಂಟ್ರೋಲರಿನ ಪುಟ್ಟ ಟರ್ಮಿನಲ್ ಅದನ್ನು ತಾಳಲಾರದು. ಕಂಟ್ರೋಲರಿನ 24 ವೋಲ್ಟು ಒಂದು ರಿಲೇಯನ್ನು (ಕರೆಂಟಿನಿಂದ ನಡೆಯುವ ಸಣ್ಣ ಸ್ವಿಚ್ಚನ್ನು) ಎಬ್ಬಿಸಬೇಕು, ಆ ರಿಲೇ ಕಂಟ್ಯಾಕ್ಟರನ್ನು (ಅಂಥದ್ದೇ ದೊಡ್ಡ ಸ್ವಿಚ್ಚನ್ನು) ಎಬ್ಬಿಸಬೇಕು, ಕಂಟ್ಯಾಕ್ಟರು ಮೋಟರಿಗೆ ವಿದ್ಯುತ್ ಕೊಡಬೇಕು. 230 ವೋಲ್ಟಿನ ಈ ಭಾಗವನ್ನು ಪರವಾನಗಿಯಿರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ, ಪ್ರತ್ಯೇಕ ಎಂಸಿಬಿಯನ್ನೂ ಅರ್ಥಿಂಗನ್ನೂ ಕೇಳಿ ಹಾಕಿಸಿಕೊಳ್ಳಿ.

ಮಾಲಿಯ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ಸಂಪಿನಲ್ಲಿ ತೇಲುವ ಫ್ಲೋಟ್ ಸ್ವಿಚ್ಚನ್ನು ಕಂಟ್ಯಾಕ್ಟರಿನ ಕಾಯಿಲ್‌ಗೆ ಹೋಗುವ ತಂತಿಯ ಮಧ್ಯೆ ಸೇರಿಸಿದರೆ, ನೀರು ಒಂದು ಮಟ್ಟಕ್ಕಿಂತ ಇಳಿದೊಡನೆ ಫೋನು ಏನೇ ಹೇಳಲಿ, ಮೋಟರು ನಿಲ್ಲುತ್ತದೆ. ಒಡೆದ ಪೈಪು ಸಂಪನ್ನು ಪೂರ್ತಿ ಬರಿದು ಮಾಡುವುದೂ ಮೋಟರು ಒಣಗಿ ಓಡುವುದೂ ಒಟ್ಟಿಗೆ ತಪ್ಪುತ್ತವೆ. ಇನ್ನೊಂದು ಕಡೆ, ವಾಲ್ವು ತೆರೆಯದೆ ಮೋಟರು ಮಾತ್ರ ಓಡಿದರೆ ಪೈಪಿನಲ್ಲಿ ಒತ್ತಡ ಏರಿ ಪಂಪಿನೊಳಗಿನ ನೀರು ಬಿಸಿಯಾಗುತ್ತದೆ. ಒತ್ತಡ ಮಿತಿಮೀರಿದಾಗ ನೀರನ್ನು ಸಂಪಿಗೇ ಮರಳಿಸುವ ರಿಲೀಫ್ ವಾಲ್ವು ಇದಕ್ಕೆ ಮದ್ದು. ಈ ಎರಡೂ ಆಪ್ ಇಲ್ಲದೆ, ವೈಫೈ ಇಲ್ಲದೆ ಕೆಲಸ ಮಾಡುತ್ತವೆ ಎಂಬುದೇ ಅವುಗಳ ಬೆಲೆ.

ಎಷ್ಟು ನಿಮಿಷ ಬಿಡಬೇಕು?

ಆಪ್ ಹಾಕಿಕೊಂಡು ವೈಫೈಗೆ ಸೇರಿಸುವ ಕ್ರಮವನ್ನು ಪೆಟ್ಟಿಗೆಯೊಂದಿಗೆ ಬಂದ ಪುಸ್ತಿಕೆ ಹೇಳುತ್ತದೆ. ಆಪ್ ಕೇಳುವ ನಿಮಿಷಗಳ ಲೆಕ್ಕವನ್ನು ಮಾತ್ರ ನೀವೇ ಅಳೆಯಬೇಕು. ನೇರ ಅಂಚಿನ ಆರು ಸ್ಟೀಲ್ ಲೋಟಗಳನ್ನು ಒಂದು ವಲಯದಲ್ಲಿ ಅಲ್ಲಲ್ಲಿ ಇಟ್ಟು ಹತ್ತು ನಿಮಿಷ ನೀರು ಬಿಟ್ಟು, ಒಳಗೆ ಸ್ಕೇಲು ಇಳಿಸಿ ನೋಡಿ. ನಮ್ಮಲ್ಲಿ ಸರಾಸರಿ 6 ಮಿಲಿಮೀಟರ್ ಬಂತು, ಆದರೆ ಮೂಲೆಯ ಲೋಟದಲ್ಲಿ ಇದ್ದದ್ದು 3 ಮಾತ್ರ. ಅಲ್ಲಿಯ ತಲೆಯನ್ನು ಬಿಚ್ಚಿದಾಗ ಜರಡಿಯಲ್ಲಿ ಪಾಚಿ ಕಟ್ಟಿತ್ತು. ಬೇಸಿಗೆಯ ದಿನಕ್ಕೆ 5 ಮಿಲಿಮೀಟರ್ ಎಂದು ಹಿಡಿದರೆ ಎಂಟು ನಿಮಿಷ ಸಾಕು. ನಮ್ಮ ಕೆಂಪು ಮಣ್ಣು ಗಟ್ಟಿಯಾಗಿ, ನೀರು ಹಿಂಗುವ ಮೊದಲೇ ಹರಿದುಹೋಗುವುದರಿಂದ ಅದನ್ನು ನಾಲ್ಕು ನಿಮಿಷ, ಅರ್ಧ ಗಂಟೆಯ ಬಿಡುವು, ಮತ್ತೆ ನಾಲ್ಕು ನಿಮಿಷ ಎಂದು ಒಡೆದಿದ್ದೇನೆ. ಒಂದು ವಲಯ ಹೆಚ್ಚೆಂದರೆ ಎಷ್ಟು ಹೊತ್ತು ಓಡಬಹುದೆಂಬ ಮಿತಿಯಿದ್ದರೆ ಅದನ್ನು ಹದಿನೈದು ನಿಮಿಷಕ್ಕೆ ಕಟ್ಟಿ.

ಹವಾಮಾನ ನೋಡಿ ನೀರು ಕಡಿಮೆ ಮಾಡುವ ಸೌಲಭ್ಯವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಮ್ಮ ಬೇಸಿಗೆಯ ಗುಡುಗುಮಳೆ ಒಂದು ಬಡಾವಣೆಯನ್ನು ತೋಯಿಸಿ ಪಕ್ಕದ್ದನ್ನು ಒಣಗಿದಂತೆಯೇ ಬಿಡುವ ಸ್ವಭಾವದ್ದು. ಸೂರಿನ ಅಂಚಿಗೆ ಸಿಗಿಸುವ ಅಗ್ಗದ ಮಳೆ ಸೆನ್ಸರ್ ನಿಮ್ಮ ಮನೆಯ ಮೇಲೆ ಬಿದ್ದ ಮಳೆಯನ್ನೇ ಅಳೆಯುತ್ತದೆ.

ನೀರಿನ ಮೂಲವನ್ನೂ ಯೋಚಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಘೋಷಿಸಿತ್ತು. ಅಂಥ ಆದೇಶ ಬಂದ ದಿನ ಊರಿನಲ್ಲಿಲ್ಲದಿದ್ದರೂ ವೇಳಾಪಟ್ಟಿಯನ್ನು ಫೋನಿನಿಂದ ನಿಲ್ಲಿಸಬಹುದು. ಮಳೆನೀರಿನ ಸಂಪು ಬೇರೆಯಿದ್ದರೆ ಸ್ಪ್ರಿಂಕ್ಲರನ್ನು ಅದಕ್ಕೇ ಜೋಡಿಸುವುದು ಉತ್ತಮ.

ಮೊದಲ ವಾರ ಮನೆಯಲ್ಲಿದ್ದುಕೊಂಡೇ ಫೋನಿನಿಂದ ನಡೆಸಿ, ಪ್ರತಿ ಸಲವೂ ಹೊರಗೆ ಬಂದು ನೋಡಿ. ಆಮೇಲೆ ಸಂಪಿನೊಳಗೆ ಗುರುತು ಹಾಕಿದ ಕೋಲೊಂದನ್ನು ಇಳಿಬಿಡಿ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ನೀರೆಂದರೆ 1 ಲೀಟರ್. ನಮ್ಮ 111 ಚದರ ಮೀಟರ್ ಹುಲ್ಲಿಗೆ 5 ಮಿಲಿಮೀಟರ್ ಎಂದರೆ ಸುಮಾರು 555 ಲೀಟರ್. ಸಂಪಿನ ತಳ 3 ಚದರ ಮೀಟರ್ ಇರುವುದರಿಂದ ಒಂದು ಸುತ್ತಿಗೆ ನೀರು ಹದಿನೆಂಟು ಹತ್ತೊಂಬತ್ತು ಸೆಂಟಿಮೀಟರ್ ಇಳಿಯಬೇಕು. ನಾನು ಊರಿನಲ್ಲಿಲ್ಲದಾಗ ಮಾಲಿ ಆ ಕೋಲನ್ನು ನೋಡಿ ಅಂಕೆ ಕಳಿಸುತ್ತಾರೆ. ಇಪ್ಪತ್ತೈದು ಎಂದು ಬಂದ ದಿನ ವೇಳಾಪಟ್ಟಿ ನಿಲ್ಲಿಸಿ ಪ್ಲಂಬರನಿಗೆ ಫೋನು ಮಾಡುತ್ತೇನೆ.