ಕೂಸಿಗೆ ಎದೆಹಾಲು ಬಿಡಿಸುವುದು: ಒಂದೊಂದೇ ಹೊತ್ತು

ಕೂಸಿಗೆ ಹಾಲು ಬಿಡಿಸಬೇಕು ಅಂದ ಕೂಡಲೇ ದಾವಣಗೆರೆ ಕಡೆ ಮನೆಗಳಲ್ಲಿ ಎರಡು ಸಲಹೆ ತಯಾರಿರುತ್ತವೆ. ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚು, ಇಲ್ಲಾಂದ್ರೆ ಕೂಸನ್ನು ನಾಲ್ಕು ದಿನ ಅಜ್ಜಿ ಮನೆಗೆ ಬಿಟ್ಟು ಬಾ. ಎರಡರಲ್ಲೂ ಹಾಲು ಬಿಡಬಹುದು. ಆದರೆ ಅಜ್ಜಿ ಮನೆಗೆ ಹೋದ ಕೂಸಿಗೆ ಒಂದೇ ಏಟಿಗೆ ಹಾಲೂ ಇಲ್ಲ, ಅಮ್ಮನೂ ಇಲ್ಲ. ಇತ್ತ ಅಮ್ಮನ ಎದೆ ಕಲ್ಲಿನ ಹಾಗೆ ಗಟ್ಟಿ. ಒಂದೂವರೆ, ಎರಡು ತಿಂಗಳು ಕೈಯಲ್ಲಿಟ್ಟುಕೊಂಡು ಒಂದೊಂದೇ ಹೊತ್ತು ಕಡಿಮೆ ಮಾಡುತ್ತಾ ಹೋದರೆ ಇಬ್ಬರಿಗೂ ಹಗುರ.

ವರ್ಷ ತುಂಬಿತು, ಇನ್ನು ಸಾಕು ಎಂದು ಅವಸರ ಬೇಡ. 6 ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆಗೆ 2 ವರ್ಷ ಮತ್ತು ಅದರಾಚೆಗೂ ಕೊಡಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ವರ, ಭೇದಿ ಇದ್ದಾಗ ಶುರು ಮಾಡಲೇಬೇಡಿ. ಆಗ ಕೂಸು ಊಟ ಬಿಟ್ಟರೂ ಎದೆಹಾಲು ಕುಡಿಯುತ್ತದೆ. ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಿರುವ ವಾರವೂ ಬೇಡ, ಅಲ್ವಾ?

ಮೊದಲು ಎರಡು ದಿನ ಸುಮ್ನೆ ಗಮನಿಸಿ. ಕೂಸು ಯಾವಾಗ ಕೇಳುತ್ತದೆ, ಯಾಕೆ ಕೇಳುತ್ತದೆ? ಹಸಿವೆಗೋ, ನಿದ್ದೆಗೋ, ಬೇಜಾರಿಗೋ? ಬೇಜಾರಿನ ಹಾಲನ್ನೇ ಮೊದಲು ಬಿಡಿಸಿ, ಅದು ಸುಲಭ. ನೀವಾಗಿ ಕೊಡಬೇಡಿ, ಹಟ ಹಿಡಿದು ಕೇಳಿದರೆ ಇಲ್ಲ ಎನ್ನಲೂ ಬೇಡಿ. ಯಾವಾಗಲೂ ಕುಡಿಸುವ ಜಾಗದಲ್ಲಿ ಕೂರಬೇಡಿ, ಆ ಹೊತ್ತಿಗೆ ಅಂಗಳಕ್ಕೆ ಕರೆದುಕೊಂಡು ಹೋಗಿ. ಒಂದು ಹೊತ್ತು ಬಿಟ್ಟ ಮೇಲೆ ಐದಾರು ದಿನ ತಡೆದು ಇನ್ನೊಂದಕ್ಕೆ ಕೈ ಹಾಕಿ.

ಹಸಿವೆಯ ಹಾಲಿನ ಜಾಗಕ್ಕೆ ಊಟ ಬರಬೇಕು. ಸೊಪ್ಪಿನ ಸಾರಲ್ಲಿ ಕಿವುಚಿದ ಮುದ್ದೆ, ತುಪ್ಪ ಹಾಕಿದ ಬೇಳೆ ಅನ್ನ, ಮೊಟ್ಟೆ, ಬಾಳೆಹಣ್ಣು, ಅಂಗನವಾಡಿಯ ಪುಷ್ಟಿ, ಯಾವುದಾದರೂ ಸರಿ. ನಮ್ಮೂರಲ್ಲಿ ಅತ್ತರೆ ಕೈಗೆ ಮಂಡಕ್ಕಿ ಕೊಡುವುದು ರೂಢಿ. ಅದರಿಂದ ಹೊಟ್ಟೆ ತುಂಬುವುದಿಲ್ಲ. ಅದರಲ್ಲಿ ಶೇಂಗಾ, ಪುಟಾಣಿ ಇದ್ದರಂತೂ ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ವರ್ಷ ದಾಟಿದ ಕೂಸಿಗೆ ಹಸುವಿನ ಹಾಲು ಕೊಡಬಹುದು, ಆದರೆ ದಿನಕ್ಕೆ 500 ಮಿಲಿ ಲೀಟರ್ ದಾಟಬಾರದು. ಜಾಸ್ತಿಯಾದರೆ ಊಟ ಸೇರುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಲೋಟದಲ್ಲೇ ಕುಡಿಸಿ. ಎದೆ ಬಿಡಿಸಲು ಹೋಗಿ ಬಾಟಲಿ ಅಂಟಿಸಿಕೊಂಡರೆ ಮುಂದೆ ಅದನ್ನೂ ಬಿಡಿಸಬೇಕು.

ಕಷ್ಟ ಇರುವುದು ರಾತ್ರಿ. ಅದಕ್ಕೇ ಮಲಗುವ ಹೊತ್ತಿನ ಹಾಲನ್ನು ಕೊನೆಗೆ ಇಟ್ಟುಕೊಳ್ಳಿ. ಕುಡಿಯುತ್ತಾ ನಿದ್ದೆ ಹೋಗುವ ಅಭ್ಯಾಸವನ್ನು ಮೊದಲು ಮುರಿಯಬೇಕು. ಮಲಗುವ ಅರ್ಧ ಗಂಟೆ ಮೊದಲು, ಲೈಟ್ ಇರುವಾಗಲೇ ಕುಡಿಸಿ. ಹಲ್ಲುಜ್ಜಿಸಿ. ಆಮೇಲೆ ಅಪ್ಪನೋ ಅಜ್ಜಿಯೋ ಬೆನ್ನು ತಟ್ಟಿ ಮಲಗಿಸಲಿ. ಅಪ್ಪ ಮಲಗಿಸಿದರೆ ಕೂಸು ಮೊದಲ ಎರಡು ಮೂರು ರಾತ್ರಿ ಚೀರಾಡಬಹುದು. ಆಗ ಬಾಗಿಲಾಚೆ ನಿಂತ ಅತ್ತೆ, "ಪಾಪ, ಕುಡಿಸಿಬಿಡವ್ವ" ಎನ್ನದೇ ಇರುವುದು ದೊಡ್ಡ ಉಪಕಾರ. ಒಂದು ದಿನ ಕೊಟ್ಟು ಒಂದು ದಿನ ಇಲ್ಲವೆಂದರೆ ಕೂಸು ಇನ್ನೂ ಜೋರಾಗಿ ಕೇಳುತ್ತದೆ.

ನಡುರಾತ್ರಿ ಎದ್ದರೆ ಎರಡು ಗುಟುಕು ನೀರು ಕೊಟ್ಟು ತಟ್ಟಿ ಮಲಗಿಸಿ. "ಬೆಳಕಾದ ಮೇಲೆ" ಎಂದು ಹೇಳಿ, ಬೆಳಕಾದ ಮೇಲೆ ಕೊಡಿ. ಒಂದೂವರೆ ವರ್ಷದ ಕೂಸಿಗೆ ಇಷ್ಟು ಅರ್ಥವಾಗುತ್ತದೆ. ಜಿಪ್ ಇರುವ ನೈಟಿ ಪಕ್ಕಕ್ಕಿಡಿ. ಆ ಸದ್ದಿಗೇ ಎಚ್ಚರವಾಗುವ ಕೂಸುಗಳಿವೆ!

ಇನ್ನು ಅಮ್ಮಂದಿರ ವಿಷಯ. ಎದೆ ಭಾರವಾದರೆ ನೋವು ಇಳಿಯುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಿರಿ, ಪೂರ್ತಿ ಖಾಲಿ ಮಾಡಬೇಡಿ. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟರೆ ಹಾಯೆನಿಸುತ್ತದೆ. ಬಿಗಿಯಾಗಿ ಬಟ್ಟೆ ಕಟ್ಟಬಾರದು. ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಚಳಿಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಆಗ ಹಾಲು ನಿಲ್ಲಿಸಲೂ ಬಾರದು, ಒಳಗೆ ಕಟ್ಟಿಕೊಂಡಷ್ಟೂ ಬಾವು ಹೆಚ್ಚುತ್ತದೆ. ಹಾಲು ಒಣಗಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬೇಡಿ. ಈ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದೂ ಉಂಟು. ಹಾರ್ಮೋನ್ ಏರುಪೇರು ಅದು. ವಾರಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ.

ಪೂರ್ತಿ ಬಿಡಿಸಿದ ಮೇಲೂ ಕೆಲವು ವಾರ ಒಂದೆರಡು ಹನಿ ಬರುತ್ತದೆ, ಗಾಬರಿ ಬೇಡ. ನಿಂತಿತಾ ಎಂದು ದಿನಾ ಹಿಂಡಿ ನೋಡಬೇಡಿ. ಹಿಂಡಿದಷ್ಟೂ ಬರುತ್ತಲೇ ಇರುತ್ತದೆ.