ಅವ್ವನ ಮುಂಗೈಯಿಂದ ತೊಗಲು ಗೊಂಬೆ ಆಡಿಸಿದ್ದು: ನನ್ನ ಅನುಭವ

ಕೋಲು ಹಿಡಿಯದೆ ತೊಗಲು ಗೊಂಬೆ ಆಡಿಸಲು ಸಾಧ್ಯವೇ ಎಂದು ಕೇಳುವವರ ಜೊತೆ ಇನ್ನು ನಾನು ವಾದಕ್ಕಿಳಿಯುವುದಿಲ್ಲ, ನೇರವಾಗಿ ಪರದೆಯ ಮುಂದೆ ಕೂರಿಸುತ್ತೇನೆ. ಕಳೆದ ಚಳಿಗಾಲದಲ್ಲಿ ಧಾರವಾಡದ ಒಂದು ಸಣ್ಣ ಸಭಾಂಗಣದಲ್ಲಿ ಪ್ರದರ್ಶನವಿತ್ತು. ಅವ್ವ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅವಳ ಮುಂಗೈಗೆ ಅಂಟಿಸಿದ್ದ ಪಟ್ಟಿಗಳು ಸ್ನಾಯುವಿನ ಮಿಡಿತ ಹಿಡಿದು ಕಳಿಸುತ್ತಿದ್ದವು, ಇತ್ತ ಪರದೆಯ ಮೇಲೆ ಆಡಿನ ತೊಗಲಿನ ಗೊಂಬೆ ರೊಟ್ಟಿ ತಟ್ಟುತ್ತಿತ್ತು. ಯಾರ ಕೈ ಎಂದು ಸಭೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊಂಬೆಗೆ ಮುಖದ ಹೋಲಿಕೆಯನ್ನೂ ಕೊಟ್ಟಿರಲಿಲ್ಲ. ಹತ್ತು ನಿಮಿಷ ಆಗಿರಬೇಕು, ಮೂರನೆಯ ಸಾಲಿನಲ್ಲಿದ್ದ ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಎದ್ದು ನಿಂತು ಅವ್ವನ ಹೆಸರು ಹಿಡಿದು ಕರೆದರು.

ಆ ಕ್ಷಣಕ್ಕಾಗಿ ಮೂರು ವರ್ಷ, ಅಂದಾಜು 70 ಸಾವಿರ ರೂಪಾಯಿ ಹೋಗಿದೆ.

ಶುರುವಾದದ್ದು ತಮ್ಮ ಮೈಗೇ ಯಂತ್ರ ಜೋಡಿಸಿಕೊಂಡು ಪ್ರದರ್ಶನ ಕೊಡುವ ಆಸ್ಟ್ರೇಲಿಯಾದ ಕಲಾವಿದ ಸ್ಟೆಲಾರ್ಕ್ ಅವರಿಂದ. 1980ರ ಹೊತ್ತಿಗೆ ಜಪಾನಿನಲ್ಲಿದ್ದಾಗ ಅವರು ಮೂರನೆಯ ಕೈಯೊಂದನ್ನು ಕಟ್ಟಿಕೊಂಡಿದ್ದರು. ಬಲಗೈಗೆ ಬಿಗಿದ ಯಂತ್ರದ ಕೈ ಅದು, ಆದರೆ ಅದಕ್ಕೆ ಆಜ್ಞೆ ಹೋಗುತ್ತಿದ್ದದ್ದು ಹೊಟ್ಟೆ ಮತ್ತು ಕಾಲಿನ ಸ್ನಾಯುಗಳಿಂದ. ಮೂರು ಕೈಗಳೂ ಸೇರಿ ಒಂದೇ ಪದ ಬರೆಯುವ ಆ ಚಿತ್ರವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಗೋಡೆಗೆ ಅಂಟಿಸಿಕೊಂಡಿದ್ದೆ. ನೋಡುತ್ತ ನೋಡುತ್ತ ನನಗೆ ಅನ್ನಿಸಿದ್ದು, ನಮ್ಮಲ್ಲಿ ಮೈಯಾಚೆ ಇನ್ನೊಂದು ಕೈ ಇಟ್ಟುಕೊಂಡು ಬದುಕಿದವರು ಗೊಂಬೆಯಾಟದವರು. ಕೊಪ್ಪಳದ ಕಡೆಯ ಹಿರಿಯ ಕಲಾವಿದರೊಬ್ಬರ ಬಳಿ ಹೋಗಿ ನನ್ನ ಯೋಚನೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕೋಲಿನಲ್ಲಿ ನನ್ನ ಜೀವ ಇಳಿಯುತ್ತದೆ. ನಿನ್ನ ತಂತಿಯಲ್ಲಿ ಏನು ಇಳಿಯುತ್ತದೆ?” ಎಂದರು. ಬೆಂಗಳೂರಿನ ಒಂದು ಕಲಾ ಗ್ಯಾಲರಿಯವರೂ ಬೇಡವೆಂದರು, ಆದರೆ ಅವರು ಹೇಳಿದ ಕಾರಣ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಆ ಹಿರಿಯರ ಪ್ರಶ್ನೆ ಮಾತ್ರ ಈಗಲೂ ಕಿವಿಯಲ್ಲಿದೆ.

ಮೊದಲ ವರ್ಷ ಪೂರ್ತಿ ದಾರಿ ತಪ್ಪಿದ್ದೆ. ಎಲ್ಲರೂ ಮಾಡುವಂತೆ ನಾನೂ ಸ್ನಾಯುವಿನ ಸಂಕೇತ ನೋಡಿ ಕೈಯ ಭಂಗಿ ಗುರುತಿಸುವ ಕಂಪ್ಯೂಟರ್ ಕಲಿಕಾ ಮಾದರಿ ಕಟ್ಟಿದೆ. ಮುಷ್ಟಿ, ಬಿಚ್ಚಿದ ಅಂಗೈ, ಮಣಿಕಟ್ಟು ಮೇಲೆ, ಮಣಿಕಟ್ಟು ಕೆಳಗೆ, ವಿಶ್ರಾಂತಿ, ಹೀಗೆ ಐದು ಭಂಗಿ. ಮೇಜಿನ ಮುಂದೆ ಕುಳಿತಾಗ ಹತ್ತಕ್ಕೆ ಒಂಬತ್ತು ಸಲ ಸರಿ ಹೇಳುತ್ತಿತ್ತು. ಪಟ್ಟಿ ಕಿತ್ತು ಮರುದಿನ ಅರ್ಧ ಬೆರಳು ಆಚೀಚೆ ಅಂಟಿಸಿದರೆ ಆರಕ್ಕೆ ಇಳಿಯುತ್ತಿತ್ತು, ಬೆವರು ಬಂದರೆ ಅದಕ್ಕಿಂತ ಕೆಳಗೆ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ: ಯಾರ ಕೈಗೆ ಹಾಕಿದರೂ ಗೊಂಬೆ ಒಂದೇ ರೀತಿ ಆಡುತ್ತಿತ್ತು. ನನ್ನ ಮುಷ್ಟಿಗೂ ಗೆಳೆಯನ ಮುಷ್ಟಿಗೂ ಅದೇ ಮುಷ್ಟಿ. ಮನುಷ್ಯರನ್ನೆಲ್ಲ ಐದು ಡಬ್ಬಿಗಳಿಗೆ ತುಂಬಿಸಿದ್ದೆ. ಎಂಟು ತಿಂಗಳ ಕೆಲಸವನ್ನು ಒಂದೇ ರಾತ್ರಿ ಪಕ್ಕಕ್ಕಿಟ್ಟೆ.

ಆಮೇಲೆ ಸರಳಕ್ಕೆ ಬಂದೆ. ಸಂಕೇತ ಹಿಡಿಯಲು ಎರಡೇ ವಾಹಿನಿ, ಮುಂಗೈಯ ಒಳಬದಿಗೊಂದು, ಹೊರಬದಿಗೊಂದು. ಆಧಾರದ ಪಟ್ಟಿ ಮೊಣಕೈ ಮೂಳೆಯ ಮೇಲೆ. ಸಂಕೇತದ ಋಣ ಭಾಗವನ್ನೂ ಧನಾತ್ಮಕಗೊಳಿಸಿ, ಅಲೆಯ ಏರಿಳಿತದ ಹೊರಗೆರೆಯನ್ನಷ್ಟೇ ಹಿಡಿದು, ಸ್ನಾಯುವಿನ ಬಿಗಿತ ಎಷ್ಟಿದೆಯೋ ಗೊಂಬೆಯ ಕೈಗೆ ಅಷ್ಟು ಕೋನ. ಗುರುತಿಸುವುದು, ವಿಂಗಡಿಸುವುದು ಏನೂ ಇಲ್ಲ. ಕರೆಂಟಿನಿಂದ ಸೇರಿಕೊಳ್ಳುವ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ಸೋಸುಕ (ಫಿಲ್ಟರ್) ಬರೆದೆ, ಆದರೆ ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ಎಲ್ಲವನ್ನೂ ಬ್ಯಾಟರಿಗೆ ಹಾಕಿದ್ದು. ಇದೊಂದನ್ನು ಒತ್ತಿ ಹೇಳುತ್ತೇನೆ: ಚಾರ್ಜರಿಗೆ ಚುಚ್ಚಿದ ಲ್ಯಾಪ್‌ಟಾಪಿಗೆ ಮೈಯನ್ನು ಜೋಡಿಸಬೇಡಿ. ಕೈಮೇಲಿನ ಇಎಸ್‌ಪಿ 32 ಎಂಬ ಪುಟ್ಟ ಗಣಕದ ಹಲಗೆ ಸಂಕೇತವನ್ನು ನಿಸ್ತಂತುವಾಗಿ ಕಳಿಸಲಿ, ಗೊಂಬೆಯನ್ನು ಎಳೆಯುವ ಸಣ್ಣ ಮೋಟಾರುಗಳಿಗೆ, ಅಂದರೆ ಸರ್ವೊಗಳಿಗೆ, ಬೇರೆಯದೇ ಬ್ಯಾಟರಿ ಇರಲಿ. ಒಂದೇ ಬ್ಯಾಟರಿ ಇಟ್ಟಾಗ ಸರ್ವೊ ಎಳೆದಾಗಲೆಲ್ಲ ಹಲಗೆ ಸತ್ತು ಮತ್ತೆ ಹುಟ್ಟುತ್ತಿತ್ತು.

ಸರ್ವೊಗಳ ಕಥೆ ಇನ್ನೂ ದುಬಾರಿ. ಪ್ಲಾಸ್ಟಿಕ್ ಹಲ್ಲಿನವು ಹನ್ನೊಂದೋ ಹನ್ನೆರಡೋ ಸವೆದವು. ಲೋಹದ ಹಲ್ಲಿನವೆಂದು ಒಬ್ಬ ಮಾರಾಟಗಾರನಿಂದ ತರಿಸಿದ ಆರರಲ್ಲಿ ನಾಲ್ಕರ ಒಳಗೆ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ಕೇ. ಗಟ್ಟಿಯವು ಸಿಕ್ಕ ಮೇಲೆ ಇನ್ನೊಂದು ತೊಂದರೆ, ಸದ್ದು. ತೊಗಲು ಗೊಂಬೆಯ ಪರದೆಯ ಹಿಂದೆ ಕಿರ್ರ್ ಎನ್ನುವ ಮೋಟಾರು ಇದ್ದರೆ ನೋಡುವವರ ಕಣ್ಣು ನೆರಳಿನಿಂದ ಜಾರಿಹೋಗುತ್ತದೆ. ಒಂದು ಸಂಜೆ ಸೈಕಲ್ಲಿನ ಬ್ರೇಕ್ ಸರಿಪಡಿಸುತ್ತಿದ್ದಾಗ ದಾರಿ ಹೊಳೆಯಿತು. ಸರ್ವೊಗಳನ್ನು ಹಳೆಯ ಕಂಬಳಿ ಸುತ್ತಿದ ಪೆಟ್ಟಿಗೆಯಲ್ಲಿಟ್ಟು, ಎಳೆತವನ್ನು ಬ್ರೇಕ್ ತಂತಿಯ ಮೂಲಕ ಗೊಂಬೆಗೆ ಒಯ್ದೆ. ಸುಮಾರು ಎರಡು ಮೀಟರ್ ತಂತಿ. ಸದ್ದು ನಿಂತಿತು. ಆದರೆ ತಂತಿಯ ಸಡಿಲಿನಿಂದ ಗೊಂಬೆ ಅವ್ವನ ಕೈಗಿಂತ ಕಾಲು ಸೆಕೆಂಡಿನಷ್ಟು ಹಿಂದೆ ಬಿತ್ತು. ಆ ತಡವನ್ನು ಕಡಿಮೆ ಮಾಡಲು ಎರಡು ತಿಂಗಳು ಒದ್ದಾಡಿದೆ.

ಅವ್ವನ ಬಳೆ ಇನ್ನೊಂದು ಸಮಸ್ಯೆ. ಹಸಿರು ಗಾಜಿನ ಬಳೆ, ಡಜನ್ನಿಗೆ ಒಂದು ಕಡಿಮೆ. ತೆಗೆಯುವುದಿಲ್ಲ ಎಂದಳು, ನಾನೂ ಎರಡನೆಯ ಸಲ ಕೇಳಲಿಲ್ಲ. ಪ್ರತಿ ತಟ್ಟಿಗೂ ಬಳೆಗಳು ಜಾರಿ ಬಂದು ಪಟ್ಟಿಯ ತಂತಿಗೆ ಬಡಿಯುತ್ತಿದ್ದವು. ಕಂಪ್ಯೂಟರಿನಲ್ಲಿ ನೋಡಿದರೆ ಸಂಕೇತದ ಅಲೆಯ ಮೇಲೆ ಮುಳ್ಳಿನಂತೆ ಒಂದು ಚುಚ್ಚು. ಗೊಂಬೆಯ ಕೈ ಆ ಚುಚ್ಚಿಗೆ ಸಣ್ಣಗೆ ಅದುರುತ್ತಿತ್ತು. ಪಟ್ಟಿಯನ್ನು ಮೊಣಕೈಯತ್ತ ಸರಿಸಿದೆ, ಸೋಸುಕದ ಮೇಲೆ ಸೋಸುಕ ಹಾಕಿದೆ, ಕೊನೆಗೆ ಅಲೆ ಬೆಣ್ಣೆಯಂತಾಯಿತು. ಬಹಳ ಹೆಮ್ಮೆಯಿಂದ ತಂಗಿಯನ್ನು ಕರೆದು ತೋರಿಸಿದೆ. ಅವಳು ನೋಡಿ, “ಯಾರೋ ರೊಟ್ಟಿ ತಟ್ಟುತ್ತಿದ್ದಾರೆ” ಎಂದಳು. ಯಾರೋ! ಹಳೆಯ ಸೋಸದ ಸಂಕೇತವನ್ನು ಹಾಕಿ ಅದೇ ಗೊಂಬೆ ಆಡಿಸಿದೆ. “ಇದು ಅವ್ವ” ಎಂದಳು, ಒಂದು ಕ್ಷಣವೂ ಯೋಚಿಸಲಿಲ್ಲ.

ಅಂದು ರಾತ್ರಿ ಎರಡನ್ನೂ ನಿಧಾನ ಮಾಡಿ ಅಕ್ಕಪಕ್ಕ ಇಟ್ಟು ನೋಡಿದೆ. ಅವ್ವ ನಾಲ್ಕು ತಟ್ಟು ತಟ್ಟುತ್ತಾಳೆ, ಐದನೆಯದಕ್ಕೆ ಮೊದಲು ಕೈಯನ್ನು ಗಾಳಿಯಲ್ಲಿ ತುಸು ತಡೆದು, ಬಳೆಗಳನ್ನು ಹಿಂದಕ್ಕೆ ಜಾರಿಸಿ, ರೊಟ್ಟಿಯನ್ನು ತಿರುಗಿಸುತ್ತಾಳೆ. ಆ ತಡೆ, ಆ ಜಾರಿಸುವಿಕೆ ನಾನು ಹುಟ್ಟಿದಾಗಿನಿಂದ ನೋಡಿದ್ದು, ಆದರೆ ಕಂಡಿರಲಿಲ್ಲ. ನಾನು ಕಸವೆಂದು ಸೋಸಿ ಎಸೆದದ್ದು ಅದನ್ನೇ. ಈಗ ಬಳೆಯ ಚುಚ್ಚು ಗೊಂಬೆಯ ಮಣಿಕಟ್ಟಿಗೆ ನೇರವಾಗಿ ಹೋಗುತ್ತದೆ. ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಎಂಬ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ, ನನ್ನ ಮೂರು ವರ್ಷ ಅದರಲ್ಲೇ ಇದೆ.

ಕಾಲು ಸೆಕೆಂಡಿನ ತಡವನ್ನು ನಾನು ಗೆಲ್ಲಲಿಲ್ಲ, ಅವ್ವ ಗೆದ್ದಳು. ಮೊದಲೆಲ್ಲ ಅವಳಿಗೆ ಗೊಂಬೆ ಕಾಣದಂತೆ ಕೂರಿಸುತ್ತಿದ್ದೆ, ಸಹಜವಾಗಿ ಮಾಡಲಿ ಎಂದು. ಒಂದು ದಿನ ಪರದೆಯ ಕಡೆ ತಿರುಗಿ ಕುಳಿತಳು. ಹತ್ತು ರೊಟ್ಟಿ ಕಳೆಯುವುದರೊಳಗೆ ಅವಳ ಕೈಯ ಲಯ ಬದಲಾಯಿತು. ತಟ್ಟಿದ ಮೇಲೆ ಗೊಂಬೆಯ ಕೈ ಇಳಿಯುವವರೆಗೆ ಕಾಯುತ್ತಿದ್ದಳು. “ಅದಕ್ಕೆ ವಯಸ್ಸಾಗಿದೆ, ಹಿಂದೆ ಬೀಳುತ್ತದೆ. ನಾನು ನಿಂತು ಕರೆದುಕೊಂಡು ಹೋಗುತ್ತೇನೆ” ಎಂದಳು. ಅಂದಿನಿಂದ ಯಂತ್ರ ಅವಳನ್ನು ಹಿಂಬಾಲಿಸುತ್ತಿದೆಯೋ ಅವಳು ಯಂತ್ರವನ್ನೋ ಎಂದು ಹೇಳಲು ನನ್ನಿಂದ ಆಗಿಲ್ಲ. ಸಭಾಂಗಣದಲ್ಲಿ ಅವಳನ್ನು ಬೇರೆ ಕೋಣೆಯಲ್ಲಿ ಕೂರಿಸಿದಾಗಲೂ ಎದುರಿಗೆ ಮೊಬೈಲಿನಲ್ಲಿ ಪರದೆ ಕಾಣುವಂತೆ ಇಟ್ಟಿದ್ದೆ. ಅದಿಲ್ಲದಿದ್ದರೆ ಆಟ ಆಗುತ್ತಿರಲಿಲ್ಲ.

ಮಧ್ಯೆ ಕೆಲವು ಅಡ್ಡದಾರಿಗಳನ್ನೂ ಹಿಡಿದೆ. ಎದೆಗೆ ಹಿಗ್ಗುವ ಪಟ್ಟಿ ಕಟ್ಟಿ ಉಸಿರಿನಿಂದ ಗೊಂಬೆಯ ತಲೆ ಆಡಿಸಿದೆ; ಚೆಂದವಿತ್ತು, ಆದರೆ ಎಲ್ಲರ ಉಸಿರೂ ಒಂದೇ ಎನ್ನಿಸಿತು, ಬಿಟ್ಟೆ. ಅವ್ವನ ಸಂಕೇತವನ್ನು ದಾಖಲಿಸಿಕೊಂಡು ಅವಳಿಲ್ಲದೆಯೂ ಆಡಿಸಿ ನೋಡಿದೆ. ತಂಗಿ ಅದನ್ನು ಗುರುತಿಸಿದ್ದು ನಿಜ, ಆದರೂ ಒಂದೇ ರೊಟ್ಟಿಯನ್ನು ಮತ್ತೆ ಮತ್ತೆ ತಟ್ಟುವ ಕೈ ನೋಡುತ್ತ ಕೂರಲು ನಮ್ಮಿಬ್ಬರಿಗೂ ಆಗಲಿಲ್ಲ. ಆ ಕಡತವನ್ನು ಅವ್ವನನ್ನು ಕೇಳಿಯೇ ಇಟ್ಟುಕೊಂಡಿದ್ದೇನೆ, ಬೇರೆ ಯಾರಿಗೂ ಕೊಟ್ಟಿಲ್ಲ. ಸ್ನಾಯುವಿನ ಸಂಕೇತವೂ ಒಬ್ಬರ ಸಹಿಯೇ.

ಗೊಂಬೆಯ ಅಳತೆಯ ಬಗ್ಗೆ ಜಗಳವಾಡಿದ್ದೇನೆ. ನಮ್ಮ ತೊಗಲು ಗೊಂಬೆಗಳಲ್ಲಿ ರಾಜರು, ದೇವರು ದೊಡ್ಡವರು, ಸಾಮಾನ್ಯರು ಮತ್ತು ಆಳುಗಳು ಚಿಕ್ಕವರು. ರೊಟ್ಟಿ ತಟ್ಟುವವಳನ್ನು ನಾನು ರಾವಣನ ಅಳತೆಯಲ್ಲಿ ಮಾಡಿದೆ, ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಎರಡು ತೊಗಲು ಬೇಕಾದವು. ಚೆನ್ನಾಗಿ ಹೆರೆದು ಬೆಳಕು ಹಾಯುವಂತೆ ಮಾಡಿದ ತೊಗಲು ಈಗ ಸಿಗುವುದೇ ಕಷ್ಟ, ಒಂದಕ್ಕೆ ಎರಡು ಸಾವಿರದ ಹತ್ತಿರ ಕೊಟ್ಟ ನೆನಪು. ಎಲ್‌ಇಡಿ ದೀಪಗಳಿಗೆ ಮೂರು ಸಾವಿರ ಸುರಿದು, ಕೊನೆಗೆ ಹಳೆಯ ತಂತುದೀಪಕ್ಕೇ ಮರಳಿದೆ; ಕೆಂಪು ಬಣ್ಣಕ್ಕೆ ಜೀವ ಬರುವುದು ಅದರಲ್ಲೇ. ಸಂವೇದಕಗಳಿಗೆ ಹತ್ತು ಸಾವಿರ ದಾಟಿದೆ. ಅಂಟುಪಟ್ಟಿಗಳು ಒಂದು ಆಟಕ್ಕೆ ಆರು ಬೇಕು, ಹಿಟ್ಟಿನ ಧೂಳು ಬಿದ್ದರೆ ಎಂಟು. ಉಳಿದದ್ದು ಸುಟ್ಟ ಹಲಗೆಗಳಿಗೆ, ಸರ್ವೊಗಳಿಗೆ, ಓಡಾಟಕ್ಕೆ ಹೋಯಿತು. ಯಾವ ಅನುದಾನವೂ ಬರಲಿಲ್ಲ.

2025ರಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದ ಮೇಲೆ ತೊಗಲು ಎಂದರೆ ಜನ ಕಿವಿಗೊಡುತ್ತಿದ್ದಾರೆ. ನನ್ನ ಆಟಕ್ಕೂ ಅದರಿಂದ ನಾಲ್ಕು ಜನ ಹೆಚ್ಚು ಬಂದಿರಬಹುದು. ಕೊಪ್ಪಳದ ಕಡೆಯ ಆ ಹಿರಿಯರೂ ಬಂದಿದ್ದರು. ಆಟ ಮುಗಿದ ಮೇಲೆ ನನ್ನನ್ನು ಮಾತನಾಡಿಸದೆ ನೇರವಾಗಿ ಪಕ್ಕದ ಕೋಣೆಗೆ ಹೋದರು. ಅವ್ವ ತಟ್ಟಿದ್ದ ರೊಟ್ಟಿಗಳನ್ನು ಬೇಯಿಸಲು ಒಲೆ ಇರಲಿಲ್ಲ, ಹಸಿಯಾಗಿಯೇ ಪರಾತದಲ್ಲಿ ಪೇರಿಸಿದ್ದಳು. ಅವರು ಅವಳ ಮುಂಗೈಯನ್ನು ತಿರುಗಿಸಿ, ಪಟ್ಟಿ ಕಿತ್ತಲ್ಲಿ ಉಳಿದಿದ್ದ ಕೆಂಪು ಗುರುತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮುಂದಿನ ಆಟಕ್ಕೆ ಗೊಂಬೆಯ ಭುಜದ ಕೀಲನ್ನು ತಾವೇ ಕಟ್ಟಿಕೊಡುವುದಾಗಿ ಹೇಳಿ ಹೋಗಿದ್ದಾರೆ. ನಾನು ಕಟ್ಟಿದ ಕೀಲು ಮಳೆಗಾಲದಲ್ಲಿ ಬಿಗಿಯುತ್ತದೆ, ಅದು ಅವರ ಕಣ್ಣಿಗೆ ಬಿದ್ದಿತ್ತು. ದೀಪಾವಳಿಯೊಳಗೆ ತೊಗಲು ಒಯ್ದು ಕೊಡಬೇಕು.